‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಮಾನ್ಯರಿಗೆ, ಹೊಲಿಗೆ ಅಂಗಡಿಯಿಂದ

ಇಂದ: ಹೊಲಿಗೆ ಅಂಗಡಿಯವಳ ಮಗಳು, ಕತ್ತರಿಸುವ ಮೇಜಿನ ಎಡಬದಿ.
ಇವರಿಗೆ: ಮಾನ್ಯ ‘ಈ ಸಂದೇಶವನ್ನು ಅಳಿಸಲಾಗಿದೆ’ ಅವರು, ಬೂದು ಬಣ್ಣದ ಓರೆ ಅಕ್ಷರಗಳ ವಿಭಾಗ, ನಮ್ಮ ಅಮ್ಮನ ಮೊಬೈಲು.
ವಿಷಯ: ತಾವು ನಮ್ಮ ಮನೆಗೆ ಬಂದು ಹನ್ನೊಂದು ದಿನ ಉಳಿದ ಬಗ್ಗೆ.

ಮಾನ್ಯರೇ,

ತಮಗೂ, ತಮ್ಮ ಪಕ್ಕದಲ್ಲಿ ವೃತ್ತದೊಳಗೆ ಅಡ್ಡಗೆರೆ ಹಾಕಿಕೊಂಡು ಸದಾ ನಿಂತಿರುವ ಆ ಚಿಕ್ಕ ಗುರುತಿಗೂ ನನ್ನ ತುಂಬು ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಏನನ್ನೂ ಬಿಡಿಸಿ ಹೇಳದೆ, ಯಾರ ಪರವನ್ನೂ ವಹಿಸದೆ, ಆದದ್ದು ಆಗಿಹೋಯಿತು ಎಂದಷ್ಟೇ ತಿಳಿಸಿ ಸುಮ್ಮನೆ ಕುಳಿತಿರುವವರ ಆರೋಗ್ಯ ಈ ಜಗತ್ತಿನಲ್ಲಿ ಎಂದೂ ಕೆಟ್ಟದ್ದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ತಾವು ಬಂದ ಗಳಿಗೆಯಿಂದ ಯಾರ ಆರೋಗ್ಯವೂ ನೆಟ್ಟಗಿರಲಿಲ್ಲ, ಒಂದು ಪ್ಯಾಂಟಿನದು ಸೇರಿದಂತೆ. ಅದರ ವಿಚಾರ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ ನನ್ನ ಪರಿಚಯ. ನನಗೆ ಇಪ್ಪತ್ತು ವರ್ಷ, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಆದ್ದರಿಂದ ಈ ಪತ್ರದಲ್ಲಿ ಒಂಬತ್ತನೇ ತರಗತಿಯವರೆಗಿನ ವಿನಯ ಮಾತ್ರ ಸಿಗುತ್ತದೆ, ಹತ್ತನೆಯದು ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲೆ ಬೇಕರಿಯಲ್ಲಿದ್ದೆ, ಕೊರಿಯರ್ ಕಚೇರಿಯಲ್ಲಿದ್ದೆ, ಕನ್ನಡಕದ ಅಂಗಡಿಯಲ್ಲಿ ಹತ್ತೊಂಬತ್ತು ದಿನ ಇದ್ದೆ. ಇಪ್ಪತ್ತನೆಯ ದಿನ ಒಬ್ಬ ಗಿರಾಕಿ ಹೊಸ ಫ್ರೇಮು ಹಾಕಿಕೊಂಡು ಹೇಗೆ ಕಾಣುತ್ತೇನೆ ಎಂದು ಕೇಳಿದರು, ನಾನು ಹೇಗೆ ಕಾಣುತ್ತಿದ್ದಾರೋ ಹಾಗೆ ಹೇಳಿದೆ. ಒಂದು ಕಡೆ ನಿಲ್ಲಲಾರದ ಕಾಲು, ಬಾಯಿಗೆ ಬಂದ ನಿಜವನ್ನು ನುಂಗಲಾರದ ಗಂಟಲು, ಇವೆರಡನ್ನೂ ಇಟ್ಟುಕೊಂಡು ಯಾರ ಅಂಗಡಿಯಲ್ಲೂ ಬಾಳಲಾಗದೆ ಕಡೆಗೆ ಅಮ್ಮನ ಹೊಲಿಗೆ ಅಂಗಡಿಗೇ ಬಂದು ಸೇರಿದ್ದೇನೆ. ಬಟ್ಟೆ ಅಳೆಯುತ್ತೇನೆ, ಕತ್ತರಿಸುತ್ತೇನೆ. ಟೇಪು ಯಾರ ಮುಲಾಜೂ ನೋಡುವುದಿಲ್ಲವಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ.

ಈಗ ದೂರಿಗೆ ಬರುತ್ತೇನೆ. ಕಳೆದ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಅಮ್ಮ ಒಂದು ಪ್ಯಾಂಟಿಗೆ ಬಟ್ಟೆ ಹಾಸಿಕೊಂಡು ಗೆರೆ ಎಳೆಯುತ್ತಿದ್ದಾಗ ಮೊಬೈಲು ‘ಟಿಣ್’ ಎಂದಿತು. ನಾನು ಇಣುಕಿ, “ಅಮ್ಮಾ, ತಂಗಿ ಅಂತ ಬಂದಿದೆ” ಎಂದೆ. ಅಮ್ಮನ ಮೊಬೈಲಿನಲ್ಲಿ ‘ತಂಗಿ’ ಎಂದರೆ ನನ್ನ ಚಿಕ್ಕಮ್ಮ. ಅಮ್ಮನೂ ಚಿಕ್ಕಮ್ಮನೂ ಮಾತು ಬಿಟ್ಟು ಆರು ವರ್ಷವಾಗಿತ್ತು, ಆರು ವರ್ಷದಲ್ಲಿ ಆ ಹೆಸರು ಆ ಪರದೆಯ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಅಮ್ಮ ಸೀಮೆಸುಣ್ಣ ಕೆಳಗಿಟ್ಟಳು, “ನೀನು ಮುಟ್ಬೇಡ, ನಾನೇ ಓದ್ತೀನಿ” ಎಂದಳು, ಕೈಗೆ ಸೀಮೆಸುಣ್ಣ ಮೆತ್ತಿದೆಯೆಂದು ಹಿತ್ತಿಲಿಗೆ ಹೋಗಿ ಸೋಪು ಹಾಕಿ ತೊಳೆದಳು, ಸೆರಗಿಗೆ ಒರೆಸಿಕೊಂಡಳು, ಮತ್ತೆ ಕನ್ನಡಕ ಹುಡುಕಿದಳು. ಕನ್ನಡಕ ತಲೆಯ ಮೇಲಿತ್ತು, ಅದನ್ನು ನಾನು ತಕ್ಷಣ ಹೇಳಿದೆ, ಆದರೆ ಅಮ್ಮ “ತಮಾಷೆ ಮಾಡಬೇಡ” ಎಂದು ನಾಲ್ಕು ನಿಮಿಷ ಹುಡುಕಿದಳು. ಅಷ್ಟೆಲ್ಲ ಶೃಂಗಾರವಾಗಿ, ಕನ್ನಡಕ ಕಣ್ಣಿಗಿಳಿಸಿಕೊಂಡು, ಆರು ವರ್ಷದ ಉಸಿರನ್ನು ಒಳಗೆ ಎಳೆದುಕೊಂಡು ಅವಳು ಮೊಬೈಲು ನೋಡಿದಾಗ ಅಲ್ಲಿ ಚಿಕ್ಕಮ್ಮ ಇರಲಿಲ್ಲ, ತಾವಿದ್ದಿರಿ.

ಮಾನ್ಯರೇ, ತಮ್ಮ ಇಲಾಖೆಯ ಕಾರ್ಯವೈಖರಿಯನ್ನು ಎಷ್ಟು ಹೊಗಳಿದರೂ ಸಾಲದು. ಏನೋ ಇತ್ತು ಎಂದು ತಿಳಿಸುತ್ತೀರಿ, ಅದೇನೆಂದು ತಿಳಿಸುವುದಿಲ್ಲ. ಒಂದು ಅಕ್ಷರವಿರಲಿ, ಒಂದು ಜನ್ಮದ ಕಥೆಯೇ ಇರಲಿ, ತಮ್ಮ ಉದ್ದ ಮಾತ್ರ ಅಷ್ಟೇ. ಅಳುತ್ತಾ ಬರೆದದ್ದಕ್ಕೂ ಅವಸರದಲ್ಲಿ ಬೆರಳು ತಾಗಿದ್ದಕ್ಕೂ ಒಂದೇ ಬೂದು ಬಣ್ಣ. ಇಂಥ ಸಮದೃಷ್ಟಿ ದೊಡ್ಡ ದೊಡ್ಡ ನ್ಯಾಯಾಲಯಗಳಲ್ಲೂ ಕಾಣುವುದು ಕಷ್ಟ. ಬಾಗಿಲು ತಟ್ಟಿ, “ನಿಮಗೊಂದು ಪತ್ರ ಬಂದಿತ್ತು, ನಾನೇ ಸುಟ್ಟುಬಿಟ್ಟೆ, ಬರಲೇ?” ಎಂದು ಹೇಳಿ ಹೋಗುವ ಅಂಚೆಯವನನ್ನು ಹಿಂದಿನ ಕಾಲದಲ್ಲಿ ಯಾರಾದರೂ ಸಾಕುತ್ತಿದ್ದರೇ?

ಈ ಹಿಂದಿನ ಕಾಲದ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲದ ಕಾರಣ ನಮ್ಮ ಅಜ್ಜಿಯನ್ನು, ಅಂದರೆ ಅಮ್ಮನ ಅಮ್ಮನನ್ನು, ವಿಚಾರಿಸಿದೆ. ಅವಳು ಅಂಗಡಿಯ ಬಾಗಿಲ ಬಳಿ ಕುಳಿತು ಗುಂಡಿ ಹಚ್ಚುತ್ತಾಳೆ, ಮತ್ತು ಹೋಗಿಬರುವವರಿಗೆಲ್ಲ ಕೇಳದೆಯೇ ಸಲಹೆ ಕೊಡುತ್ತಾಳೆ. ಅವಳೆಂದಳು: “ನಿಮ್ಮಜ್ಜ ಬೇರೆ ಊರಲ್ಲಿ ಕೆಲಸಕ್ಕಿದ್ದಾಗ, ಅವರಿಗೆ ಬೈದು ಬರೆದು ನಾನು ಒಲೆಗೆ ಹಾಕಿದ ಕಾಗದ ಎಷ್ಟು ಅಂತ ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಅದಕ್ಕೇ ಕಣೇ ಸಂಸಾರ ಉಳೀತು.” ದಯವಿಟ್ಟು ಗಮನಿಸಬೇಕು, ಮಾನ್ಯರೇ. ನಮ್ಮ ಅಜ್ಜಿಯ ಒಲೆ ಅಜ್ಜನಿಗೆ ‘ಈ ಕಾಗದವನ್ನು ಸುಡಲಾಗಿದೆ’ ಎಂದು ತಂತಿ ಹೊಡೆಯಲಿಲ್ಲ. ಅದು ತನ್ನ ಕೆಲಸ ಮಾಡಿ, ಬೂದಿಯಾಗಿ, ಬಾಯಿ ಮುಚ್ಚಿಕೊಂಡಿತು. ತಮ್ಮ ಬಣ್ಣವೂ ಬೂದಿಯದೇ ಆಗಿರುವುದರಿಂದ ಆ ಒಲೆಯ ಗುಣವನ್ನೂ ತಾವು ಸ್ವಲ್ಪ ರೂಢಿಸಿಕೊಳ್ಳಬಹುದಿತ್ತು ಎಂಬುದು ನನ್ನ ಸವಿನಯ ಅಭಿಪ್ರಾಯ.

ಅಜ್ಜಿಯ ಕಾಲದ ನಂತರ ಅಮ್ಮನ ಕಾಲ. ಆಗ ಬೀದಿಗೆಲ್ಲ ಒಂದೇ ಫೋನು, ಅದು ಎದುರಿನ ಬೇಕರಿಯಲ್ಲಿ. ಯಾರಿಗೆ ಕರೆ ಬಂದರೂ ಬೇಕರಿಯವರು ರಸ್ತೆಗೆ ಬಂದು ಕೂಗುತ್ತಿದ್ದರು, ಹಾಗಾಗಿ ಗುಟ್ಟೆಂಬುದು ಬೇಕರಿಯ ಬಿಸ್ಕತ್ತಿನಷ್ಟೇ ಸಾರ್ವಜನಿಕವಾಗಿತ್ತು, ಯಾರೂ ಬೇಸರಪಡುತ್ತಿರಲಿಲ್ಲ. ಆಮೇಲೆ ಮೊಬೈಲುಗಳು ಬಂದವು, ಮಿಸ್ಡ್ ಕಾಲ್ ಬಂತು. ಅಮ್ಮ ಅಂಗಡಿಯಲ್ಲಿ, ಚಿಕ್ಕಮ್ಮ ದಾರ ತರಲು ಪೇಟೆಯಲ್ಲಿ. ಒಂದು ಸಲ ಗಂಟೆ ಬಾರಿಸಿ ನಿಂತರೆ ತಲುಪಿದೆ, ಎರಡು ಸಲವಾದರೆ ಗಿರಾಕಿ ಕಾಯುತ್ತಿದ್ದಾರೆ ಬೇಗ ಬಾ, ಮೂರು ಸಲವಾದರೆ ಕಪ್ಪು ದಾರ ಸಿಗಲಿಲ್ಲ. ಇಬ್ಬರೂ ಬಾಯಿ ಬಿಡದೆ ಇಡೀ ಅಂಗಡಿ ನಡೆಸುತ್ತಿದ್ದರು. ಆಮೇಲೆ ಬಟನ್ ಒತ್ತಿ ಒತ್ತಿ ಸಂದೇಶ ಕಳಿಸುವುದು ಬಂತು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅದನ್ನು ಓದುವುದಕ್ಕಿಂತ ದಾರದ ಗಂಟು ಬಿಡಿಸುವುದೇ ಸಲೀಸು ಎಂದು ಚಿಕ್ಕಮ್ಮ ಹೇಳುತ್ತಿದ್ದಳು. ಈಗ ದನಿಯನ್ನೇ ಕಳಿಸಬಹುದು. ಅಜ್ಜಿ ಕಳಿಸುವ ದನಿಯಲ್ಲಿ ಮೊದಲ ನಲವತ್ತು ಸೆಕೆಂಡು “ಹಲೋ, ಕೇಳಿಸ್ತಾ? ಹಲೋ, ಕೇಳಿಸ್ತಾ?” ಎಂದಿರುತ್ತದೆ, ಉಳಿದ ಹತ್ತು ಸೆಕೆಂಡು “ಯಾರೂ ಮಾತಾಡ್ತಾನೇ ಇಲ್ಲ, ಇಟ್ಬಿಡ್ತೀನಿ” ಎಂದು.

ಆದರೆ ಇವೆಲ್ಲಕ್ಕಿಂತ ಉತ್ತಮವಾದ ಒಂದು ಅಂಚೆ ವ್ಯವಸ್ಥೆ ನಮ್ಮ ಅಂಗಡಿಯೊಳಗೇ ಇತ್ತು. ಅದರ ಬಗ್ಗೆ ತಮ್ಮ ಇಲಾಖೆಗೆ ಮಾಹಿತಿ ಇರಲಾರದು. ಅಮ್ಮ ಕತ್ತರಿಸುವವಳು, ಚಿಕ್ಕಮ್ಮ ಹೊಲಿಯುವವಳು. ಮಿಶಿನ್ನಿನ ಗಡಗಡದಲ್ಲಿ ಕೂಗಿದರೂ ಕೇಳುತ್ತಿರಲಿಲ್ಲವಾದ್ದರಿಂದ ಅಮ್ಮ ಹೇಳಬೇಕಾದ್ದನ್ನು ಬಟ್ಟೆಯ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದು ಮೇಜಿನ ಆಚೆಗೆ ದೂಡುತ್ತಿದ್ದಳು. ‘ತೋಳು ಎರಡು ಬೆರಳು ಉದ್ದ ಬಿಡು’ ಎಂಬುದರಿಂದ ಶುರುವಾದದ್ದು ‘ಹಸಿವು’, ‘ಅಮ್ಮ ಕೋಪದಲ್ಲಿದ್ದಾಳೆ, ತಿರುಗಿ ನೋಡಬೇಡ’ (ಈ ಅಮ್ಮ ಎಂದರೆ ನಮ್ಮ ಅಜ್ಜಿ), ‘ಈ ಗಿರಾಕಿ ತನಗೆ ಇನ್ನೂ ಇಪ್ಪತ್ತೈದು ಅಂದ್ಕೊಂಡಿದ್ದಾನೆ’ ಎಂಬಲ್ಲಿಯವರೆಗೆ ಬೆಳೆಯಿತು. ಚಿಕ್ಕಮ್ಮ ಕೆಳಗೆ ಉತ್ತರ ಬರೆಯುತ್ತಿದ್ದಳು. ಈ ಅಂಚೆಗೆ ಒಂದೇ ಒಂದು ಕಾನೂನು: ಓದಿದವರು ಒರೆಸಬೇಕು. ಬ್ರಶ್ಶಿನಿಂದ ಎರಡು ಸಲ ತಟ್ಟಿದರೆ ಮುಗಿಯಿತು, ಬಟ್ಟೆ ಮತ್ತೆ ಬಟ್ಟೆ. ಏನಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಏನೋ ಇತ್ತೆಂಬುದೂ ತಿಳಿಯುತ್ತಿರಲಿಲ್ಲ. ಈ ಊರಿನ ಅರ್ಧಕ್ಕರ್ಧ ಗಂಡಸರು ತಮ್ಮ ಬಗ್ಗೆ ಬರೆದ ಮಾತುಗಳನ್ನು ಬೆನ್ನ ಮೇಲೆ ಹೊತ್ತುಕೊಂಡಿದ್ದ ಬಟ್ಟೆಯನ್ನೇ ತೊಟ್ಟು ಸಭೆ ಸಮಾರಂಭಗಳಲ್ಲಿ ಎದೆಯುಬ್ಬಿಸಿ ಓಡಾಡಿದ್ದಾರೆ.

ಆರು ವರ್ಷದ ಹಿಂದೆ ನನ್ನ ಶಾಲೆಯ ಹೆಡ್‌ಮಾಸ್ತರು ವಾರ್ಷಿಕ ಸಭೆಗೆಂದು ನಮ್ಮಲ್ಲೇ ಒಂದು ಕಡುನೀಲಿ ಕೋಟು ಹೊಲಿಸಿದರು, ಸೆಕೆಗಾಲವೆಂದು ಒಳಪದರ ಬೇಡವೆಂದರು. ಸಭೆಯಲ್ಲಿ ಅವರು ಪ್ರಾಮಾಣಿಕತೆಯ ಕುರಿತು ಭಾಷಣ ಶುರುಮಾಡಿ, ಮುಕ್ಕಾಲು ಗಂಟೆಯಾದರೂ ಮುಗಿಸಲಾರದೆ, ಬೆವರು ಕಿತ್ತು ಬಂದು ಕೋಟು ಬಿಚ್ಚಿದರು. ಜವಾನ ಅದು ಹೇಗೆ ಉಲ್ಟಾ ಆಗಿ ಕೈಗೆ ಬಂತೋ ಹಾಗೆಯೇ ಹಿಂದಿನ ಕಪ್ಪು ಹಲಗೆಯ ಮೊಳೆಗೆ ನೇತುಹಾಕಿದ. ಅಲ್ಲಿ, ಪಾಠ ಬರೆದಿಟ್ಟಷ್ಟು ಸ್ಪಷ್ಟವಾಗಿ, ಕೋಟಿನ ಒಳಬೆನ್ನಿನ ಮೇಲೆ, ಅಮ್ಮನ ದುಂಡು ಅಕ್ಷರದಲ್ಲಿ ಹೀಗಿತ್ತು: ‘ಹೊಟ್ಟೆ: ನಿಂತಾಗ ನಲವತ್ತು, ಕೂತಾಗ ನಲವತ್ತನಾಲ್ಕು, ಟೇಪು ಹಿಡಿದಾಗ ಮೂವತ್ತಾರು.’ ಮೊದಲೆರಡು ಸಾಲಿನವರು ಓದಿಕೊಂಡರು, ಹಿಂದಿನವರಿಗೆ ಬಾಯಿಂದ ಬಾಯಿಗೆ ತಲುಪಿತು. ಹೆಡ್‌ಮಾಸ್ತರು ತಮ್ಮ ಭಾಷಣಕ್ಕೇ ಜನ ಇಷ್ಟು ಮೆಚ್ಚಿ ನಗುತ್ತಿದ್ದಾರೆ ಎಂದುಕೊಂಡು ಇನ್ನೂ ಹತ್ತು ನಿಮಿಷ ಮುಂದುವರಿಸಿದರು.

ಮಾರನೆಯ ದಿನ ಅವರು ನಮ್ಮ ತರಗತಿಗೆ ಬಂದು, “ಯಾರದಮ್ಮಾ ಆ ಕೈಬರಹ?” ಎಂದು ನನ್ನನ್ನೇ ಕೇಳಿದರು. “ಅಮ್ಮನದು ಸರ್” ಎಂದೆ. “ಅಳತೆ ತಪ್ಪು ಅಂತ ಒಪ್ಪಿಕೊಂಡು ಒಂದು ಕ್ಷಮಾಪಣೆ ಪತ್ರ ಬರ್ಕೊಡು, ಇಲ್ಲಿಗೆ ಬಿಟ್ಬಿಡ್ತೀನಿ” ಎಂದರು. ಬಿಡಬಹುದಿತ್ತು. ನಾನು ಬರೆದೆ: ‘ಮಾನ್ಯರೇ, ಎಲ್ಲರೂ ಓದಿದ್ದಕ್ಕೆ ಕ್ಷಮೆಯಿರಲಿ. ಅಳತೆ ಸರಿಯಾಗಿದೆ, ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ.’ ನನ್ನ ವಿದ್ಯಾಭ್ಯಾಸ ಆ ಪತ್ರದೊಂದಿಗೆ ಮುಗಿಯಿತು. ತಮಗೆ ಬರೆಯುತ್ತಿರುವ ಈ ಪತ್ರಕ್ಕೂ ಅದೇ ನಮೂನೆಯನ್ನು ಬಳಸಿದ್ದೇನೆ.

ಶಾಲೆ ಹೋದದ್ದು ದೊಡ್ಡ ಮಾತಲ್ಲ. ಮನೆಯಲ್ಲಿ ಅದಕ್ಕಿಂತ ದೊಡ್ಡದು ಹೋಯಿತು. ಅಮ್ಮ ಚಿಕ್ಕಮ್ಮನಿಗೆ, “ಓದಿದೋಳು ನೀನು, ಒರೆಸಬೇಕಾದೋಳೂ ನೀನೇ” ಎಂದಳು. ಚಿಕ್ಕಮ್ಮ, “ನಾನು ಓದೇ ಇಲ್ಲ ಅಕ್ಕಾ, ನನ್ನ ಹೊಲಿಗೆ ಮುಗಿದ ಮೇಲೆ ಬರೆದಿದ್ದೀಯ” ಎಂದಳು. “ಓದ್ಲಿಲ್ವಾ? ಮತ್ತೆ ನಕ್ಕಿದ್ದು ಯಾಕೆ? ನಾನು ಈ ಕಣ್ಣಲ್ಲಿ ನೋಡ್ದೆ!” “ನಾನು ನಕ್ಕಿದ್ದು ಬೇರೆ ವಿಷಯಕ್ಕೆ!” “ಯಾವ ವಿಷಯಕ್ಕೆ?” “ಈಗ ನೆನಪಿಲ್ಲ!” ಇಷ್ಟೇ ಜಗಳ. ಇದನ್ನು ಎಂಟು ದಿನ ಆಡಿದರು, ಒಂದೊಂದು ದಿನ ಒಂದೊಂದು ಹಳೆಯ ವಿಚಾರ ಸೇರಿಸಿಕೊಂಡರು, ಒಂಬತ್ತನೆಯ ದಿನ ಚಿಕ್ಕಮ್ಮ ಚೀಲ ಕಟ್ಟಿಕೊಂಡು ಬಸ್ಸಿನಲ್ಲಿ ಆರು ಗಂಟೆ ದೂರದ ಊರಿಗೆ ಹೋಗಿ ಸಿದ್ಧ ಉಡುಪಿನ ಕಾರ್ಖಾನೆ ಸೇರಿದಳು. ಅಲ್ಲಿ ಅವಳು ದಿನಕ್ಕೆ ನಾನೂರು ಕಾಲರ್ ಹೊಲಿಯುತ್ತಾಳಂತೆ, ಕಾಲರಿನ ಕೆಳಗಿನ ಅಂಗಿಯನ್ನು ನೋಡಿಯೇ ಇಲ್ಲವಂತೆ.

ಮಾನ್ಯರೇ, ಇಲ್ಲಿ ನನ್ನದೊಂದು ಕಟುವಾದ ಪ್ರಶ್ನೆ ಇದೆ. ಆ ದಿನ ತಾವು ಎಲ್ಲಿದ್ದಿರಿ? ಬೇಡದ ಮಂಗಳವಾರ ಬಂದು ಕೂರುವವರು, ಬೇಕಾಗಿದ್ದ ಆ ಸಭೆಯ ದಿನ ಆ ಕೋಟಿನ ಬೆನ್ನಿಗೆ ಏಕೆ ಬರಲಿಲ್ಲ? ಬಂದಿದ್ದರೂ ಸಭೆಯವರೆಲ್ಲ ಎದ್ದು ನಿಂತು, “ಏನು ಅಳಿಸಿದ್ದಾರೆ, ಹೇಳಿ ಸರ್” ಎಂದು ಹೆಡ್‌ಮಾಸ್ತರನ್ನೇ ಕೇಳುತ್ತಿದ್ದರು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೂ ಪ್ರಯತ್ನಪಡಬಹುದಿತ್ತು.

ಈಗ ತಾವು ನಮ್ಮಲ್ಲಿ ಕಳೆದ ಹನ್ನೊಂದು ದಿನಗಳ ವರದಿ. ಮೊದಲ ದಿನ ಅಜ್ಜಿ, “ಕ್ಷಮಿಸು ಅಂತಲೇ ಬರ್ದಿರ್ತಾಳೆ” ಎಂದಳು. ಅಮ್ಮ, “ಅವಳು ಕ್ಷಮಿಸು ಅನ್ನೋಳಲ್ಲ” ಎಂದಳು. “ಅದಕ್ಕೇ ಅಳಿಸಿರೋದು” ಎಂದಳು ಅಜ್ಜಿ. ಎರಡನೆಯ ದಿನ ಚಿಕ್ಕಮ್ಮನಿಗೆ ಹುಷಾರಿಲ್ಲವೇನೋ ಎಂದು ಅಮ್ಮನಿಗೆ ಅನಿಸಿತು, ಮಧ್ಯಾಹ್ನದ ಹೊತ್ತಿಗೆ ಕೆಲಸ ಹೋಗಿದೆಯೆನಿಸಿತು, ಸಂಜೆಗೆ ಮತ್ತೆ ಬೈಯಲು ಬರೆದಿರಬೇಕೆನಿಸಿ ಮುಖ ಊದಿಸಿಕೊಂಡಳು. ಬರೆಯದ ಬೈಗುಳಕ್ಕೆ ಮೂರು ಉತ್ತರ ತಯಾರು ಮಾಡಿ ಇಸ್ತ್ರಿ ಪೆಟ್ಟಿಗೆಯ ಎದುರು ಹೇಳಿಯೂ ಬಿಟ್ಟಳು. ಮೂರನೆಯ ದಿನ ನಾನು ಮೊಬೈಲು ರಿಪೇರಿಯವನ ಬಳಿ ಹೋದೆ, ಬೀದಿಯವರೆಲ್ಲ ಅವನನ್ನು ಡಾಕ್ಟರ್ ಎನ್ನುತ್ತಾರೆ. ಅವನು ಮೊಬೈಲಿನ ನಾಡಿ ಹಿಡಿದು ಅರ್ಧ ಗಂಟೆ ಏನೇನೋ ಒತ್ತಿ, “ಅಳಿಸಿದ್ದನ್ನ ತೆಗೆದೇಬಿಟ್ಟೆ” ಎಂದು ತೋರಿಸಿದ. ಅದು ನಾಲ್ಕು ವರ್ಷದ ಹಿಂದೆ ಅಜ್ಜಿ ಕಳಿಸಿದ್ದ ಒಂದು ಶುಭೋದಯದ ಗುಲಾಬಿ ಹೂವು. ನಾಲ್ಕನೆಯ ದಿನ ಅಮ್ಮ ಆ ಪ್ಯಾಂಟನ್ನು ಕತ್ತರಿಸಿ ಮುಗಿಸಿದಳು. ಮೂವತ್ತು ವರ್ಷ ಕತ್ತರಿ ಹಿಡಿದವಳು, ಮಂಗಳವಾರ ಗೆರೆ ಎಳೆದಿದ್ದ ಅದೇ ಬಟ್ಟೆಯಲ್ಲಿ, ಎರಡೂ ಎಡಗಾಲು ಕತ್ತರಿಸಿದ್ದಳು. ಆ ಗಿರಾಕಿಯನ್ನು ತಮ್ಮ ಬಳಿಗೆ ಕಳಿಸಬೇಕೆಂದಿದ್ದೆ, ವಿಳಾಸ ಸಿಗಲಿಲ್ಲ.

“ಅಮ್ಮಾ, ಒಂದು ಫೋನ್ ಮಾಡಿ ಕೇಳಿಬಿಡು, ಏನು ಬರೆದಿದ್ದೆ ಅಂತ” ಎಂದು ನಾನು ಹೇಳಿದೆ. “ಕೇಳಿದ್ರೆ ನಾನು ಕಾಯ್ತಾ ಇದ್ದೆ ಅಂತ ಗೊತ್ತಾಗುತ್ತೆ” ಎಂದಳು. “ಕಾಯ್ತಾ ಇದ್ದೀಯಲ್ಲ?” ಎಂದೆ. ಆ ದಿನ ನನಗೆ ಟೀ ಸಿಗಲಿಲ್ಲ.

ಐದನೆಯ ದಿನ ಅಮ್ಮನಿಗೆ ಒಂದು ಯೋಜನೆ ಹೊಳೆಯಿತು. ಅದಕ್ಕೆ ಸ್ಫೂರ್ತಿ ತಾವೇ. “ಅವಳು ನನ್ನ ತಲೆ ಕೆಡಿಸಿದ ಹಾಗೆ ನಾನೂ ಅವಳ ತಲೆ ಕೆಡಿಸ್ತೀನಿ. ಏನಾದ್ರೂ ಒಂದು ಹೊಡೆದು ಕಳ್ಸು, ಅವಳು ನೋಡೋ ಮುಂಚೆ ಅಳಿಸಿಬಿಡೋಣ. ಕೂತ್ಕೊಂಡು ಒದ್ದಾಡ್ಲಿ” ಎಂದಳು. “ಏನಂತ ಬರೀಲಿ?” ಎಂದೆ. “ಏನಾದ್ರೂ ಬರಿಯೇ, ಅಳಿಸೋದಕ್ಕೆ ತಾನೆ!” ಎಂದಳು.

ಮಾನ್ಯರೇ, ಏನಾದರೂ ಬರೆಯುವುದು ನನಗೆ ಬರುವುದಿಲ್ಲ. ಬರೆದರೆ ಇರುವುದನ್ನೇ ಬರೆಯಬೇಕು. ಹೇಗೂ ಅಳಿಸುವುದು ಎಂಬ ಧೈರ್ಯದಲ್ಲಿ, ಆರು ವರ್ಷ ಯಾರೂ ಕೇಳದ ಕಾರಣ ಯಾರಿಗೂ ಹೇಳದಿದ್ದ ಒಂದು ಮಾತನ್ನು ಅವತ್ತು ಬರೆದೆ: ‘ಚಿಕ್ಕಮ್ಮಾ, ಅಮ್ಮ ಪ್ರತಿ ಶನಿವಾರ ನಿನ್ನ ಮಿಶಿನ್ನಿಗೆ ಎಣ್ಣೆ ಹಾಕ್ತಾಳೆ. ನಿನ್ನ ಕುರ್ಚಿ ಮೇಲೆ ಬಟ್ಟೆ ಗಂಟು ಇಟ್ಟಿದ್ದಾಳೆ, ಬೇರೆ ಯಾರೂ ಕೂರಬಾರದು ಅಂತ. ಮೂರು ಜನ ಕೆಲಸ ಕೇಳ್ಕೊಂಡು ಬಂದ್ರು, ಹೊಲಿಗೆ ಸರಿಯಿಲ್ಲ ಅಂತ ಕಳಿಸಿದಳು. ಅವರ ಹೊಲಿಗೆ ಚೆನ್ನಾಗೇ ಇತ್ತು. ಇನ್ನೊಂದು ವಿಷಯ. ಆ ಕೋಟು ಮಡಚಿ ಹೆಡ್‌ಮಾಸ್ತರ ಮನೆಗೆ ಕೊಟ್ಟುಬಂದೋಳು ನಾನು. ಮಡಚುವಾಗ ಓದಿದೆ. ಬ್ರಶ್ಶು ಕೈಯಲ್ಲೇ ಇತ್ತು. ಅಷ್ಟು ಚೆನ್ನಾಗಿದೆ, ಅಷ್ಟು ನಿಜ ಇದೆ, ಒರೆಸೋದು ಹೇಗೆ ಅಂತ ಹಾಗೇ ಬಿಟ್ಟೆ. ಓದಿದವರು ಒರೆಸಬೇಕು. ತಪ್ಪು ನಿನ್ನದೂ ಅಲ್ಲ, ಅಮ್ಮನದೂ ಅಲ್ಲ.’

ಹೌದು. ಕನ್ನಡಕದ ಅಂಗಡಿಯಲ್ಲಿ ಅಪರಿಚಿತರ ಮೂಗಿನ ಬಗ್ಗೆ ನಿಜ ಹೇಳಿ ಕೆಲಸ ಕಳೆದುಕೊಂಡವಳು ಮನೆಯಲ್ಲಿ ಈ ಒಂದು ನಿಜವನ್ನು ಇಟ್ಟುಕೊಂಡೇ ಕುಳಿತಿದ್ದೆ. ನಾನು ಸುಳ್ಳು ಹೇಳಲಿಲ್ಲ, ಯಾರೂ ಕೇಳಲಿಲ್ಲ ಅಷ್ಟೇ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಏನೋ ಇದೆ ಎಂದು ಮುಖದಲ್ಲಿ ತೋರಿಸುತ್ತಾ ಏನೆಂದು ಹೇಳದೆ ಆರು ವರ್ಷ ಓಡಾಡಿದ್ದೇನೆ ಎಂದ ಮೇಲೆ, ಆ ಮಟ್ಟಿಗೆ ತಾವೂ ನಾನೂ ಒಂದೇ ಕಚೇರಿಯವರು. ಈ ವಾಕ್ಯವನ್ನು ಬರೆಯಲು ನನಗೆ ಬಹಳ ಕಷ್ಟವಾಯಿತು, ತಮಗೆ ಓದಲು ಹಾಗಾಗದಿರಲಿ.

ಕಳಿಸಿದೆ. “ಕೊಡಿಲ್ಲಿ, ಅಳಿಸೋದು ನಾನೇ” ಎಂದು ಅಮ್ಮ ಮೊಬೈಲು ಕಿತ್ತುಕೊಂಡಳು. ಕನ್ನಡಕ ಅಂದೂ ತಲೆಯ ಮೇಲೆಯೇ ಇತ್ತು. ಎಲ್ಲರಿಗೂ ಅಳಿಸಲೇ, ನಿಮಗೆ ಮಾತ್ರ ಅಳಿಸಲೇ ಎಂದು ಅದು ಕೇಳಿತು, ಅಮ್ಮ ಹೆಬ್ಬೆರಳಿನಲ್ಲಿ ಕೆಳಗಿನದನ್ನು ಒತ್ತಿದಳು. ನಮ್ಮ ಪರದೆಯಿಂದ ನನ್ನ ಸಂದೇಶ ಮಾಯವಾಯಿತು. ಅದರ ಜಾಗದಲ್ಲಿ ತಾವು ಬರಬೇಕಿತ್ತು, ಬರಲಿಲ್ಲ. ಜೀವನದಲ್ಲಿ ಮೊದಲ ಬಾರಿ ನಾನು ತಮ್ಮನ್ನು ಕಣ್ಣರಳಿಸಿ ಹುಡುಕಿದೆ. ತಾವಿಲ್ಲವೆಂದರೆ ಅರ್ಥ ಒಂದೇ: ಇಲ್ಲಿ ಮಾತ್ರ ಅಳಿಸಿದೆ, ಅಲ್ಲಿ ಅಕ್ಷರ ಅಕ್ಷರವೂ ಹಾಗೆಯೇ ಕುಳಿತಿದೆ. “ಹೋಯ್ತಾ?” ಎಂದಳು ಅಮ್ಮ. “ಇಲ್ಲಿಂದ ಹೋಯ್ತು” ಎಂದೆ. ಇದರಲ್ಲಿ ಸುಳ್ಳಿಲ್ಲ. ಅಮ್ಮ ಸಂತೋಷವಾಗಿ, “ಒದ್ದಾಡ್ಲಿ” ಎಂದು ಮತ್ತೆ ಕತ್ತರಿ ಹಿಡಿದಳು. ಒದ್ದಾಡಿದವಳು ನಾನು. ಆರು ದಿನ, ಮೊಬೈಲು ‘ಟಿಣ್’ ಎಂದಾಗಲೆಲ್ಲ ನನ್ನ ಹೊಟ್ಟೆ ಹೆಡ್‌ಮಾಸ್ತರದಕ್ಕಿಂತ ಹೆಚ್ಚು ಒಳಗೆ ಹೋಗುತ್ತಿತ್ತು.

ಹನ್ನೊಂದನೆಯ ದಿನ ಕೊರಿಯರಿನವನು ಒಂದು ಪೊಟ್ಟಣ ಕೊಟ್ಟು ಹೋದ. ಬಿಚ್ಚಿದರೆ ಒಂದು ಮೊಳದಷ್ಟು ಕಡುನೀಲಿ ಕೋಟಿನ ಬಟ್ಟೆ, ಜೊತೆಗೆ ಕಾಗದವಿಲ್ಲ, ಚೀಟಿಯಿಲ್ಲ. ಅಜ್ಜಿ, “ಇಷ್ಟರಲ್ಲಿ ಏನು ಹೊಲಿಯೋದು, ಮಗುಗೂ ಆಗಲ್ಲ” ಎಂದಳು. ಅಮ್ಮ ಬಟ್ಟೆಯನ್ನು ಉಲ್ಟಾ ತಿರುಗಿಸಿದಳು. ಒಳಮೈ ತುಂಬ ಸೀಮೆಸುಣ್ಣದ ಅಕ್ಷರ. ಆರು ಗಂಟೆ ಬಸ್ಸಿನ ದಾರಿಯಲ್ಲಿ ಉಜ್ಜಿಹೋಗದಿರಲೆಂದು ಚಿಕ್ಕಮ್ಮ ಮೇಲೊಂದು ತೆಳು ಕಾಗದ ಇಟ್ಟು ಅಂಚಿಗೆ ಕಚ್ಚಾ ಹೊಲಿಗೆ ಹಾಕಿದ್ದಳು. ಅಮ್ಮ ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ತಲೆಯ ಮೇಲಿನ ಕನ್ನಡಕವನ್ನು ಹುಡುಕದೆ ಕಣ್ಣಿಗಿಳಿಸಿದಳು. ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು, ನನ್ನ ಕಡೆ ತಿರುಗಿ ಟೇಪು ಹಿಡಿಯುವಾಗ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬಟ್ಟೆಯನ್ನು ನನ್ನ ಮುಂದೆ ದೂಡಿ, ಅದರ ಮೇಲೆ ಬ್ರಶ್ಶನ್ನು ಇಟ್ಟು, “ಓದು. ಓದಿ ಒರ್ಸು. ಈ ಸಲ ಚೆನ್ನಾಗಿದೆ ಅಂತ ಬಿಟ್ಟೀಯ, ಜೋಕೆ” ಎಂದಳು.

ಓದಿದೆ. ಚೆನ್ನಾಗಿತ್ತು. ಕೋಟಿನ ಬೆನ್ನ ಮೇಲಿನದಕ್ಕಿಂತ ಚೆನ್ನಾಗಿತ್ತು, ಅದಕ್ಕಿಂತ ನಿಜವೂ ಆಗಿತ್ತು. ಆರು ವರ್ಷ ತಡವಾಗಿ ಬ್ರಶ್ಶು ಹಿಡಿದು ಎರಡು ಸಲ ತಟ್ಟಿದೆ, ಬಿಳಿ ಪುಡಿ ಮೇಜಿನ ಮೇಲೆ ಉದುರಿತು, ಬಟ್ಟೆ ಮತ್ತೆ ಬಟ್ಟೆಯಾಯಿತು. ಅಜ್ಜಿ ಬಾಗಿಲಿಂದಲೇ, “ಏನಂತೆ? ಏನು ಬರ್ದಿದ್ದಾಳೆ? ನನಗೂ ಹೇಳ್ರೇ!” ಎಂದು ಕೂಗುತ್ತಿದ್ದಳು. ಅಮ್ಮ ಚಿಕ್ಕಮ್ಮನ ಕುರ್ಚಿಯ ಬಳಿಗೆ ಹೋಗಿ, ಆರು ವರ್ಷದ ಬಟ್ಟೆ ಗಂಟನ್ನು ಎತ್ತಿ ಕೆಳಗಿಟ್ಟು, ಸೆರಗಿನಿಂದಲೇ ಕುರ್ಚಿ ಒರೆಸಿದಳು.

ಅದರಲ್ಲಿ ಏನು ಬರೆದಿತ್ತು ಎಂದು ತಾವೂ ಕುತೂಹಲದಿಂದ ಕೇಳಬಹುದು. ಮಾನ್ಯರೇ, ಆ ಸಂದೇಶವನ್ನು ಅಳಿಸಲಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಕೆಲವೇ. ಅಳಿಸಿದ ಮೇಲೆ ನಮ್ಮ ಒಲೆಯಂತೆ ಸುಮ್ಮನಿರಬೇಕು. ಹಾಗಿರಲು ಆಗದಿದ್ದಲ್ಲಿ, ಬರೆದವರು ಬರೆಯುವಾಗ ಕುಳಿತಿದ್ದರೋ ನಿಂತಿದ್ದರೋ, ಮೂಗು ಒರೆಸಿಕೊಂಡರೋ ಇಲ್ಲವೋ ಎಂಬುದನ್ನಾದರೂ ಷರಾ ಬರೆಯಬೇಕು. ಅದೂ ಆಗದಿದ್ದಲ್ಲಿ ತಾವು ಎಲ್ಲರಿಗೂ ಸಮನಾಗಿ ಕೆಲಸ ಮಾಡಬೇಕು: ಊಟದ ಹೊತ್ತಿನಲ್ಲಿ ಏನೋ ಹೇಳಲು ಬಾಯಿ ತೆರೆದು ನೀರು ಕುಡಿದು ಸುಮ್ಮನಾಗುವವರ, ಬಸ್ಸಿನ ಕಿಟಕಿಯಲ್ಲಿ ಕೈಯೆತ್ತಿ ಮತ್ತೆ ಇಳಿಸಿಕೊಳ್ಳುವವರ, ಹೆಡ್‌ಮಾಸ್ತರ ಎದುರು ನಿಂತಿರುವ ಮೇಷ್ಟರುಗಳ ನೆತ್ತಿಯ ಮೇಲೆಲ್ಲ ತಾವು ಬೂದು ಅಕ್ಷರಗಳಲ್ಲಿ ಮೂಡಬೇಕು. ಕೆಲಸ ಹೆಚ್ಚಾಗಿ ಸಹಾಯಕರು ಬೇಕಾದರೆ ಹೇಳಿ ಕಳಿಸಿ. ಬ್ರಶ್ಶು ನನ್ನ ಬಳಿ ಇದೆ, ಅನುಭವವೂ ಈಗ ಬಂದಿದೆ, ಯಾವ ಕೆಲಸದಲ್ಲೂ ಹೆಚ್ಚು ದಿನ ನಿಲ್ಲುವವಳಲ್ಲ ಎಂಬುದನ್ನು ಮೊದಲೇ ತಿಳಿಸಿರುತ್ತೇನೆ.

ಇಂತಿ, ಅಳಿಸದೆ ಉಳಿದಿರುವ
ತಮ್ಮ ವಿಶ್ವಾಸಿ,
ಟೇಪಿನ ಇನ್ನೊಂದು ತುದಿ ಹಿಡಿದವಳು

ಮರೆತ ಮಾತು: ಚಿಕ್ಕಮ್ಮ ಭಾನುವಾರ ಬಂದಳು. ಈಗ ಮಿಶಿನ್ನು ಗಡಗಡ ಎನ್ನುತ್ತಿದೆ, ಅಮ್ಮ ಆ ಎರಡು ಎಡಗಾಲುಗಳಿಗೆ ಎರಡು ಬಲಗಾಲು ಜೋಡಿಸಿ ಗಿರಾಕಿಗೆ ಎರಡು ಪ್ಯಾಂಟು ಒಪ್ಪಿಸಿದ್ದಾಳೆ. ಅವರಿಬ್ಬರೂ ಮಾತಾಡಿದ್ದು ಕಡಿಮೆ, ಸೀಮೆಸುಣ್ಣ ಖರ್ಚಾಗಿದ್ದು ಜಾಸ್ತಿ. ನಾನು ಚಿಕ್ಕಮ್ಮನನ್ನು ಹಿತ್ತಿಲಿಗೆ ಕರೆದು, ಆ ಮಂಗಳವಾರ ಏನು ಬರೆದು ಅಳಿಸಿದ್ದೆ ಎಂದು ನೇರವಾಗಿ ಕೇಳಿದೆ. ಅವಳು, “ಅಯ್ಯೋ, ಅದು ಜಿಪ್ಪಿನ ಅಂಗಡಿಯವನಿಗೆ ಕಣೇ, ಬೆರಳು ತಪ್ಪಿ ನಿಮ್ಮಮ್ಮನಿಗೆ ಹೋಯ್ತು. ಎಂಟಿಂಚಿನ ಕಪ್ಪು ಜಿಪ್ಪು ಹನ್ನೆರಡು ಅಂತ” ಎಂದಳು. ಆರು ವರ್ಷ ಸಂದೇಶ ಕಳಿಸದ ಹೆಸರಿನ ಮೇಲೆ ಬೆರಳು ಹೇಗೆ ಹೋಯಿತು ಎಂದೂ ಕೇಳಿದೆ. ಅವಳು ನಕ್ಕಳು, ಏಕೆ ನಕ್ಕೆ ಎಂದರೆ ಬೇರೆ ವಿಷಯಕ್ಕೆ ಎಂದಳು. ಇದನ್ನು ಅಮ್ಮನಿಗೆ ಹೇಳಿಲ್ಲ, ಅವಳು ಕೇಳಿಲ್ಲ, ಕೇಳಿದ ದಿನ ಹೇಳುತ್ತೇನೆ. ತಾವು ಅಂದು ಆ ಹನ್ನೆರಡು ಜಿಪ್ಪುಗಳನ್ನು ನಮಗೆ ಕಾಣಿಸಿಬಿಟ್ಟಿದ್ದರೆ ಆ ಕುರ್ಚಿಯ ಮೇಲೆ ಇಂದಿಗೂ ಬಟ್ಟೆ ಗಂಟೇ ಇರುತ್ತಿತ್ತು. ಹೀಗಾಗಿ ತಮಗೆ ಒಂದು ಧನ್ಯವಾದ ಬಾಕಿಯಿದೆ. ಅದನ್ನು ಬರೆದು ತಮ್ಮ ಇಲಾಖೆಗೇ ಕಳಿಸಿದ್ದೆ, ತಾವು ಓದುವ ಮುಂಚೆ ಅಳಿಸಿದ್ದೇನೆ. ಹನ್ನೊಂದು ದಿನ ಯೋಚಿಸಿ ನೋಡಿ, ಅದರಲ್ಲಿ ಏನಿದ್ದಿರಬಹುದು ಎಂದು.